ಕುಸುಬಿ ಎಣ್ಣೆ ಕುಡಿದ ಜೀನು

ಕುದುರೆಯ ಜೀನನ್ನು ನನ್ನ ಮೇಜಿನ ಮೇಲೆ ಇಳಿಸಿದಾಗ ಅದು ಹಲಗೆಯಂತೆ ಠಕ್ಕೆಂದಿತು. ಚರ್ಮ ಹಾಗೆ ಸದ್ದು ಮಾಡಬಾರದು. ಎಷ್ಟೇ ಹಳೆಯದಾಗಿರಲಿ, ಕೆಳಗಿಟ್ಟಾಗ ಅದು ಸ್ವಲ್ಪವಾದರೂ ಕುಗ್ಗಬೇಕು, ಬಾಗಬೇಕು. ಇದು ಕುಗ್ಗಲಿಲ್ಲ. ಎರಡು ಪಕ್ಕದ ಅಗಲವಾದ ಹಾಳೆಗಳು ಒಣಗಿದ ರೊಟ್ಟಿಯಂತೆ ಹೊರಕ್ಕೆ ಸೆಟೆದು ನಿಂತಿದ್ದವು.

ತಂದವರು ಸುಳ್ಳ ಎಂಬ ಊರಿನ ಒಬ್ಬ ಗೌಡಸಾನಿ. ಐವತ್ತರ ಹತ್ತಿರದ ವಯಸ್ಸು, ನೂಲಿನ ಸೀರೆ, ಹಣೆಯ ತುಂಬ ವಿಭೂತಿ. ಬೈರಿದೇವರಕೊಪ್ಪದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕೆಲಸದ ಜಾಗ. ಅಲ್ಲಿಗೆ ಬರುವವರು ಹೆಚ್ಚಾಗಿ ಕೈಚೀಲ, ಆಫೀಸಿನ ಬ್ಯಾಗು, ಸೋಫಾದ ಹೊದಿಕೆ ತರುತ್ತಾರೆ. ಜೀನು ಬಂದು ಎಷ್ಟೋ ವರ್ಷಗಳಾಗಿದ್ದವು. ನನ್ನ ತಂದೆ ಕುದುರೆಗಳ ಸಾಮಾನು ರಿಪೇರಿ ಮಾಡುವವರಾಗಿದ್ದರು, ಆ ಕೆಲಸ ನನಗೆ ಅವರಿಂದ ಬಂದದ್ದು. ಹೇಗೋ ವಿಚಾರಿಸಿಕೊಂಡು ಗೌಡಸಾನಿಯವರು ನನ್ನನ್ನು ಹುಡುಕಿದ್ದರು.

"ಇದನ್ನ ಮೆತ್ತಗ ಮಾಡಿಕೊಡ್ರಿ. ನಾ ಇದರ ಮ್ಯಾಲೆ ಕೂಡಾಕಿ," ಎಂದರು.

"ನೀವಾ?" ಎಂದುಬಿಟ್ಟೆ.

"ಯಾಕ, ನಾ ಕೂಡಬಾರದೇನು?"

ಕುರ್ಚಿ ಕೊಟ್ಟೆ. ಕುಳಿತು ಎಲ್ಲವನ್ನೂ ಹೇಳಿದರು. ಅವರ ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ಗಂಡ ಹೊಲಕ್ಕೆ ಹೋಗುತ್ತಿದ್ದದ್ದು ಹೆಣ್ಣು ಕುದುರೆಯೊಂದರ ಮೇಲೆ, ಇದೇ ಜೀನಿನಲ್ಲಿ. ಆಮೇಲೆ ಕುದುರೆ ಕೊಟ್ಟಿಗೆಯಲ್ಲೇ ನಿಂತಿತು. ಮೈದುನ ಒಮ್ಮೆ ಹತ್ತಲು ಹೋಗಿ ಬಿದ್ದು ಹೆಗಲಿನ ಎಲುಬು ಮುರಿದುಕೊಂಡಿದ್ದ. ಅಂದಿನಿಂದ ಅದನ್ನು ಮಾರಿಬಿಡೋಣ ಎಂದು ಅವನ ಒಂದೇ ಹಟ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವನೊಬ್ಬ ಬಂದು ನೋಡಿಕೊಂಡೂ ಹೋಗಿದ್ದ. ಗೌಡಸಾನಿಯವರು ಮಾತ್ರ ಮೊಣಕಾಲು ನೋವಿಗೆ ವಿದ್ಯಾನಗರದ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ, ಧಾರವಾಡದ ಆಚೆ ಸವಾರಿ ಕಲಿಸುವ ಒಂದು ಜಾಗಕ್ಕೆ ಹೋಗಿ ಬರುತ್ತಿದ್ದರು. ಗುಟ್ಟು ಬಯಲಾದಾಗ ಮನೆಯಲ್ಲಿ ದೊಡ್ಡ ಜಗಳವಾಯಿತು. ಕೊನೆಗೆ ಒಂದು ಮಾತಿಗೆ ಬಂದರು. ನಾಗರಪಂಚಮಿಯೊಳಗೆ ಗೌಡಸಾನಿಯವರು ಎಲ್ಲರೆದುರು ಆ ಕುದುರೆಯ ಮೇಲೆ ಕುಳಿತು ಮನೆಯ ಹಿಂದಿನ ಬಯಲು ಸುತ್ತಿ ತೋರಿಸಿದರೆ ಕುದುರೆ ಉಳಿಯುತ್ತದೆ. ಇಲ್ಲವಾದರೆ ಪಂಚಮಿ ಮುಗಿದ ಮೇಲೆ ಮೆರವಣಿಗೆಯವನು ಬಂದು ಒಯ್ಯುತ್ತಾನೆ.

"ಹೊಸಾ ಜೀನು ತರಿಸಿ ನೋಡಿದ್ವಿ. ಕುದುರಿ ಹೆಗಲ ಮ್ಯಾಲಿನ ಚರ್ಮ ಸುಲಿದುಬಿಡ್ತು. ಇದ ಅದಕ್ಕ ಹೊಂದಿದ್ದು," ಎಂದರು. ಸೀಟಿನ ಮೇಲೆ ಕೈಯಿಟ್ಟುಕೊಂಡೇ ಮಾತನಾಡುತ್ತಿದ್ದರು.

ನಾನು ಉಗುರಿನಿಂದ ಚರ್ಮವನ್ನು ಕೆರೆದು ನೋಡಿದೆ. ಉಗುರಿನೊಳಗೆ ಹಳದಿ ಅಂಟು ಸೇರಿತು. ಒಂದು ಹನಿ ನೀರು ಬಿಟ್ಟೆ, ಗಾಜಿನ ಮೇಲೆ ನಿಂತಂತೆ ಗುಂಡಗೆ ನಿಂತಿತು. ಮೂಸಿದರೆ ತಿಂಗಳುಗಟ್ಟಲೆ ತೊಳೆಯದ ಬಾಣಲೆಯ ವಾಸನೆ.

"ಇದಕ್ಕ ಏನ್ ಹಚ್ಚೀರಿ ಅಕ್ಕಾರ?"

"ಕುಸುಬಿ ಎಣ್ಣಿ. ನಮ್ಮ ಹೊಲದ್ದ, ಗಾಣದಾಗ ತಗಸಿದ್ದು. ಸೋಮವಾರಕ್ಕೊಮ್ಮೆ ಪೂಜಿ ಮುಗದ ಮ್ಯಾಲೆ ಹಚ್ಚತಿದ್ದೆ. ಅವ್ರು ಹೋದಾಗಿಂದ ಒಂದು ವಾರ ತಪ್ಪಿಸಿಲ್ಲ."

ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು. ಬಾಗಿಲಿಗೆ ಬಳಿದ ವಾರ್ನಿಶ್ ಹೇಗೆ ಪದರಗಟ್ಟುತ್ತದೆಯೋ ಹಾಗೆ. ಪ್ರತಿ ಸೋಮವಾರ ಅವರು ಚರ್ಮದ ಬಾಯಿ ಮುಚ್ಚುತ್ತ ಬಂದಿದ್ದರು. ಇದನ್ನು ಹೇಗೆ ಹೇಳುವುದೆಂದು ತೋಚದೆ, "ಉಣ್ಣಾಕ ಛಲೋ ಎಣ್ಣಿ ಅದು. ಚರ್ಮಕ್ಕ ಬ್ಯಾರೇದು ಬೇಕಾಗತೈತಿ," ಎಂದಷ್ಟೇ ಹೇಳಿದೆ. ಅವರಿಗೆ ತಿಳಿಯಿತು. ಕೈಯನ್ನು ಸೀಟಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಆಗತೈತೇನ್ರಿ?"

"ನೋಡಿ ಹೇಳ್ತೇನ್ರಿ."

ಕೆಲಸ ಶುರುವಾದದ್ದು ಮೊದಲ ಮಳೆಯ ದಿನಗಳಲ್ಲಿ. ಚರ್ಮದ ಕೆಲಸಕ್ಕೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಮೊದಲು ಸವಾರರು ಕಾಲಿಡುವ ರಿಕಾಪುಗಳನ್ನೂ ಅವುಗಳ ಪಟ್ಟಿಗಳನ್ನೂ ಬಿಚ್ಚಿಟ್ಟೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಕಟ್ಟೆಯ ಮೇಲೆ ಕುಳಿತು ಮೆತ್ತನೆಯ ಬ್ರಷ್ಷಿನಿಂದ ಬೂಷ್ಟು ಝಾಡಿಸಿದೆ. ಆಮೇಲೆ ಮೊಣಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು, ಗ್ಲಿಸರಿನ್ ಸಾಬೂನು, ಚೆನ್ನಾಗಿ ಹಿಂಡಿದ ಸ್ಪಂಜು. ನೀರು ಹೆಚ್ಚಾದರೆ ಚರ್ಮ ಉಬ್ಬಿ, ಒಣಗುವಾಗ ಕುಗ್ಗಿ ಹೊಲಿಗೆಯನ್ನೇ ಹರಿದುಕೊಳ್ಳುತ್ತದೆ. ಅದಕ್ಕೇ ನೊರೆಯಲ್ಲಿಯೇ ಕೆಲಸ ಮಾಡಬೇಕು. ಅಂಗೈಯಗಲದ ಜಾಗ ಉಜ್ಜುವುದು, ಕಂದು ನೊರೆ ಒರೆಸುವುದು, ಮತ್ತೆ ಉಜ್ಜುವುದು. ಬಕೆಟಿನ ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು, ಆದರೆ ಜೀನಿನ ಮೇಲೆ ಹನಿ ನೀರು ಈಗಲೂ ಗುಂಡಗೇ ನಿಲ್ಲುತ್ತಿತ್ತು.

ಸಾಬೂನು ಸೋತಲ್ಲಿ ಡ್ರೈಕ್ಲೀನಿಂಗ್ ಅಂಗಡಿಯವರು ಬಳಸುವ ಬಿಳಿ ಪೆಟ್ರೋಲ್ ತಂದೆ. ಹಾಳೆಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಹತ್ತಿಯಿಂದ ಒಂದಿಷ್ಟು ಸವರಿ, ಬಣ್ಣ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ನಂತರ ಹತ್ತಿಯಲ್ಲಿ ಮೆತ್ತಗಾದ ಅಂಟನ್ನು ಬಿದಿರಿನ ಚಕ್ಕೆಯಿಂದ ಕೆರೆದು ತೆಗೆಯುತ್ತ, ಮೇಲೆ ಮುಲ್ತಾನಿ ಮಣ್ಣಿನ ಪುಡಿ ಉದುರಿಸಿ ಬಿಡುತ್ತಿದ್ದೆ. ಮರುದಿನ ಝಾಡಿಸಿದರೆ ಆ ಪುಡಿ ಹಳದಿ ಹೆಂಟೆಗಳಾಗಿ ಬೀಳುತ್ತಿತ್ತು. ಕೋಣೆಯ ತುಂಬ ವಾಸನೆ, ತಲೆನೋವು. ಕಿಟಕಿ ತೆರೆದರೆ ಮಳೆಯ ಎರಚಲು, ಮುಚ್ಚಿದರೆ ಉಸಿರು ಕಟ್ಟುತ್ತದೆ. ಉಳಿದ ಗಿರಾಕಿಗಳ ಚೀಲಗಳು ಮೂಲೆಯಲ್ಲಿ ರಾಶಿಬಿದ್ದವು.

ಒಂದು ಬೆಳಿಗ್ಗೆ ಎಡಗಡೆಯ ಹಾಳೆಯ ಮೇಲೆ ಬಿಟ್ಟ ಹನಿ ನಿಧಾನವಾಗಿ ಹರಡಿ, ಕಪ್ಪು ಕಲೆಯಾಗಿ ಒಳಗಿಳಿಯಿತು. ಚರ್ಮ ಬಾಯಿ ತೆರೆದಿತ್ತು. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದೆ. ದನದ ಕಾಲೆಲುಬಿನಿಂದ ತೆಗೆಯುವ ಎಣ್ಣೆ ಅದು, ಜೀನಿನ ಚರ್ಮಕ್ಕೆ ಅದೇ ಸರಿ. ಚರ್ಮ ಪೂರ್ತಿ ಒಣಗುವ ಮುಂಚೆ, ಸ್ವಲ್ಪ ತೇವವಿರುವಾಗಲೇ, ಒಳಮೈಯಿಂದ ತೆಳ್ಳಗೆ ಸವರಬೇಕು. ಕಾಯಬೇಕು. ಕುಡಿದ ಮೇಲೆ ಮತ್ತೆ ಸವರಬೇಕು. ಅವಸರಪಟ್ಟು ಸುರಿದರೆ ಅದು ನೆನೆದ ಬಟ್ಟೆಯಂತೆ ಜೋತುಬೀಳುತ್ತದೆ, ಮತ್ತೆ ಎಂದೂ ಬಿಗಿಯಾಗುವುದಿಲ್ಲ. ಮೂರನೆಯ ಸಲ ಸವರಿದ ಮೇಲೆ ಹಾಳೆಯನ್ನು ನನ್ನ ಮುಂಗೈ ಮೇಲೆ ಹಾಕಿ ಮೆಲ್ಲಗೆ ಬಾಗಿಸಿದೆ. ಬಾಗಿತು. ಎಲ್ಲಿಯೂ ಬಿರಿಯಲಿಲ್ಲ.

ಅದು ಭಾನುವಾರ. ಆ ಸಂತೋಷದಲ್ಲಿಯೇ ಚರ್ಚಿಗೆ ಹೋಗಿ ಬಂದು ಇನ್ನೂ ಸೀರೆ ಬದಲಿಸಿರಲಿಲ್ಲ, ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಎತ್ತರದ ಆಳು, ಒಂದು ಹೆಗಲು ಇನ್ನೊಂದಕ್ಕಿಂತ ಮೇಲೆ. ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಗೌಡಸಾನಿಯವರ ಮೈದುನ.

ಒಳಗೆ ಬರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲಾಚೆಯೇ ನಿಂತು, "ಅಕ್ಕಾರ, ಒಂದು ಮಾತು ಕೇಳಾಕ ಬಂದೇನಿ. ಅದು ಆಗೂದಿಲ್ಲ ಅಂತ ಹೇಳಿಬಿಡ್ರಿ," ಎಂದರು.

"ಆಗೂದನ್ನ ಆಗೂದಿಲ್ಲ ಅಂತ ಹೆಂಗ ಹೇಳ್ಲಿ ಗೌಡ್ರ?"

"ನನ್ನ ಮಾತು ವೈನಿ ಕೇಳೂದಿಲ್ಲ, ನಿಮ್ಮದು ಕೇಳ್ತಾರ. ಆ ಕುದುರಿ ಛಲೋ ಅಲ್ಲರಿ. ನನ್ನ ಹೆಗಲ ನೋಡ್ರಿ. ಅಣ್ಣ ಹೋದ. ಇನ್ನ ಇವ್ರು ಬಿದ್ದು ಸೊಂಟ ಮುರಕೊಂಡ್ರ ಮಂದಿ ಯಾರಿಗೆ ಅಂತಾರ? ಈ ವಯಸ್ಸಿನ್ಯಾಗ ಹೆಣಮಗಳನ್ನ ಕುದುರಿ ಹತ್ತಿಸಿದ ಅಂತ ನನಗ ಅಂತಾರ."

ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅದು ಆಗಲೂ ನನಗೆ ಕಂಡಿತ್ತು. ಆದರೆ ಬೆಳಿಗ್ಗೆಯಷ್ಟೇ ಚರ್ಮ ಬಾಗಿದ್ದನ್ನು ಕಂಡಿದ್ದ ನನಗೆ ಸಿಟ್ಟು ಬಂತು. "ಆಗತೈತ್ರಿ. ನಾ ಮಾಡೇ ಕೊಡ್ತೇನಿ," ಎಂದೆ. ಅವರು ಹೋದ ಕೂಡಲೇ ಗೌಡಸಾನಿಯವರಿಗೆ ಫೋನ್ ಮಾಡಿ ಅದನ್ನೇ ಹೇಳಿದೆ: "ಕಾಳಜಿ ಬಿಡ್ರಿ ಅಕ್ಕಾರ, ಪಂಚಮಿಯೊಳಗ ಕೈಗೆ ಕೊಡ್ತೇನಿ." ಮೈದುನ ಬಂದಿದ್ದ ವಿಷಯ ಹೇಳಲಿಲ್ಲ. ಮನೆಮಂದಿಯ ನಡುವೆ ಕಡ್ಡಿ ಆಡಿಸುವುದು ಏಕೆ ಎಂದುಕೊಂಡೆ.

ಮುಂದಿನ ವಾರವೆಲ್ಲ ಬಲಗಡೆಯ ಹಾಳೆ, ಸೀಟು, ಅಂಚುಗಳು. ಕೊನೆಗೆ ಉಳಿದದ್ದು ಹಾಳೆಗಳ ಅಡಿಯಲ್ಲಿ ಅಡಗಿರುವ ಪಟ್ಟಿಗಳು, ಒಂದೊಂದು ಪಕ್ಕಕ್ಕೆ ಮೂರು. ಕುದುರೆಯ ಹೊಟ್ಟೆಯ ಕೆಳಗಿಂದ ಬಿಗಿಯುವ ಅಗಲ ಪಟ್ಟಿಯ ಬಕಲುಗಳು ಇವಕ್ಕೇ ಸಿಕ್ಕಿಕೊಳ್ಳುತ್ತವೆ. ಜೀನು ಕುದುರೆಯ ಮೇಲೆ ನಿಲ್ಲುವುದು ಈ ಪಟ್ಟಿಗಳಿಂದ. ಸವಾರರು ಜೀನಿನ ಮೇಲೆ ಉಳಿಯುವುದೂ ಕೊನೆಗೆ ಇವುಗಳಿಂದಲೇ.

ಸಾಬೂನು ಹಚ್ಚಿ, ಎಣ್ಣೆ ಸವರಿ ಒರೆಸಿದೆ. ಕಪ್ಪಗೆ ಮಿರುಗಿದವು. ಇಡೀ ಜೀನಿನಲ್ಲಿ ಅವೇ ಚೆಂದ ಕಾಣುತ್ತಿದ್ದವು. ಹಾಗೆಯೇ ಒಂದರ ತುದಿಯ ತೂತಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ಉಜ್ಜಿದೆ. ಹೆಬ್ಬೆರಳಿಗೆ ಇಟ್ಟಿಗೆ ಬಣ್ಣದ ಪುಡಿ ಹತ್ತಿತು.

ಎರಡನೆಯದನ್ನು ಉಜ್ಜಿದೆ. ಮೂರನೆಯದನ್ನು. ಆ ಕಡೆಯವನ್ನು. ಎಲ್ಲವೂ ಅದೇ ಕೆಂಪು ಪುಡಿ.

ಚರ್ಮದ ನಾರು ಸತ್ತಾಗ ಹೀಗಾಗುತ್ತದೆ. ವರ್ಷಗಟ್ಟಲೆ ಕುದುರೆಯ ಬೆವರಿನ ಉಪ್ಪು, ಆಮೇಲೆ ಕೊಟ್ಟಿಗೆಯ ತೇವ. ಹೊರಗೆ ಪಟ್ಟಿಯ ಆಕಾರವಿರುತ್ತದೆ, ಒಳಗೆ ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ. ಎಣ್ಣೆಯಿಂದ ಗಡಸುತನ ಹೋಗುತ್ತದೆ, ಸತ್ತ ನಾರು ಬದುಕುವುದಿಲ್ಲ. ಎಣ್ಣೆ ಆ ಪುಡಿಯನ್ನು ಅಂಟಿಸಿ ಹೊಳಪು ಕೊಟ್ಟಿತ್ತು ಅಷ್ಟೆ. ನಾನು ಚೆಂದ ಮಾಡಿದಷ್ಟೂ ಅವು ಹೆಚ್ಚು ಅಪಾಯದವಾಗಿದ್ದವು, ಏಕೆಂದರೆ ಈಗ ನೋಡಿದವರು ಯಾರೂ ಅನುಮಾನಪಡುವಂತಿರಲಿಲ್ಲ.

ಹೊಸ ಪಟ್ಟಿ ಹಾಕಿದರಾಯಿತು ಎನ್ನಬಹುದು. ಆದರೆ ಪಟ್ಟಿಗಳು ಹೊಲಿದಿರುವುದು ಸೀಟಿನ ಕೆಳಗೆ, ಮರದ ಚೌಕಟ್ಟಿನ ಮೇಲಿಂದ ಹಾಯುವ ನವಾರಿಗೆ. ಮಂಚಕ್ಕೆ ಹಾಕುವಂಥ ನವಾರು, ಇನ್ನೂ ಬಿಗಿ ನೇಯ್ಗೆಯದು. ಪಟ್ಟಿಯೇ ಹೀಗಿದ್ದರೆ ನವಾರು ಹೇಗಿರಬೇಡ? ಅದನ್ನು ನೋಡಬೇಕಾದರೆ ಕೆಳಗಿನ ಮೆತ್ತೆಯನ್ನು ಬಿಚ್ಚಬೇಕು. ಬಿಚ್ಚಿ, ಹೊಸ ಚರ್ಮ ತರಿಸಿ, ಹಿಗ್ಗಿಸಿ, ಕೈಯಲ್ಲಿ ಹೊಲಿದು ಮತ್ತೆ ಕೂಡಿಸಲು ಪಂಚಮಿಯೊಳಗೆ ಸಾಧ್ಯವೇ ಇರಲಿಲ್ಲ.

ಮೇಜಿನ ಮುಂದೆ ಕುಳಿತೇ ಇದ್ದೆ. ಆಗುವುದಿಲ್ಲ ಎಂದರೆ ಅದು ಆ ಮೈದುನ ನನ್ನ ಬಾಯಲ್ಲಿ ಹೇಳಿಸಬೇಕೆಂದಿದ್ದ ಮಾತೇ. ಕುದುರೆ ಹೋಗುತ್ತದೆ. ಗೌಡಸಾನಿಯವರು ನಾನು ಅವನ ಮಾತಿಗೆ ಒಳಗಾದೆ ಎಂದೇ ತಿಳಿಯುತ್ತಾರೆ. ಆಗುತ್ತದೆ ಎಂದರೆ ಅವರು ಈ ಪಟ್ಟಿಗಳ ಮೇಲೆ ಭಾರ ಹಾಕಿ ಕೂರುತ್ತಾರೆ. ಎರಡೂ ಕಡೆ ಮಾತು ಕೊಟ್ಟವಳು ನಾನೇ. ದಿನಕ್ಕೊಮ್ಮೆ ಅವರ ಫೋನು: "ಎಲ್ಲೀಮಟಾ ಬಂತ್ರಿ?" "ನಡದೈತ್ರಿ ಅಕ್ಕಾರ," ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರುತ್ತಿರಲಿಲ್ಲ. ಕೆಲಸದ ಕೋಣೆಗೆ ಹೋಗುವುದೇ ಬೇಡವೆನಿಸುತ್ತಿತ್ತು. ಹೋದರೆ ಅದು ಮೇಜಿನ ಮೇಲೆ ಮಿರಿಮಿರಿ ಮಿಂಚುತ್ತ ಕುಳಿತಿರುತ್ತಿತ್ತು.

ನನ್ನ ಗಂಡ ಒಂದು ಸಂಜೆ, "ಹೇಳಿಬಿಡು ಮಾರಾಯ್ತಿ. ಸಿಟ್ಟಾದ್ರ ಆಗ್ಲಿ," ಎಂದರು.

"ಸಿಟ್ಟಿಗೆ ಅಂಜೂದಿಲ್ಲ. ನಂಬಲಿಲ್ಲ ಅಂದ್ರ?"



ಗೌಡಸಾನಿಯವರು ತಾವಾಗಿಯೇ ಬಂದರು. ಜೀನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಹತ್ತಿರ ಬಂದು ಹಾಳೆಯನ್ನು ಎತ್ತಿದರು, ಬಾಗಿಸಿದರು, ಕೆನ್ನೆಗೆ ಒತ್ತಿಕೊಂಡರು. "ಅವ್ರು ತಂದಾಗ ಹಿಂಗ ಇತ್ತು. ಹಿಂಗ!" ಎಂದರು. ಕಣ್ಣು ತುಂಬಿತ್ತು. ಅದಕ್ಕಿಂತ ಕಷ್ಟದ ಗಳಿಗೆ ನನ್ನ ಕೆಲಸದಲ್ಲಿ ಬಂದಿರಲಿಲ್ಲ.

"ಅಕ್ಕಾರ, ಈ ಪಟ್ಟಿ ಹಿಡೀರಿ. ಮಡಚಿ ಜಗ್ಗಿ ನೋಡ್ರಿ," ಎಂದೆ.

ಹಿಡಿದು ಮಡಚಿದರು. ಜಗ್ಗುವ ಅಗತ್ಯವೇ ಬೀಳಲಿಲ್ಲ. ಬಿಸ್ಕತ್ತಿನಂತೆ ಮುರಿಯಿತು. ಕೈಯಲ್ಲಿ ಅರ್ಧ ಪಟ್ಟಿ, ಸೀರೆಯ ಮೇಲೆ ಕೆಂಪು ಪುಡಿ.

ನಾನು ಎಲ್ಲವನ್ನೂ ಹೇಳಿದೆ. ಪಟ್ಟಿ, ನವಾರು, ಬಿಚ್ಚಬೇಕಾದದ್ದು, ಪಂಚಮಿಯೊಳಗೆ ಆಗುವುದಿಲ್ಲ ಎನ್ನುವುದು. ಅವರು ಕೇಳಿದರು. ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಅಂವ ಇಲ್ಲಿಗೆ ಬಂದಿದ್ದನೇನು?"

ಸುಳ್ಳು ಹೇಳಲಾಗಲಿಲ್ಲ. "ಬಂದಿದ್ರು. ಆಗೂದಿಲ್ಲ ಅನ್ರಿ ಅಂದ್ರು. ನಾ ಆಗತೈತಿ ಅಂದೆ."

"ಅವಾಗ ಆಗತಿತ್ತು. ಈಗ ಆಗೂದಿಲ್ಲ."

"ಅವಾಗ ಇದನ್ನ ನೋಡಿರಲಿಲ್ಲರಿ."

"ನೋಡ್ಲಾರ್ದ ಯಾಕ ಹೇಳಿದ್ರಿ?" ಎಂದರು. ಜೀನನ್ನು ಎತ್ತಿ ಎದೆಗವಚಿಕೊಂಡು ಹೊರಟೇಬಿಟ್ಟರು. ಭಾರಕ್ಕೆ ವಾಲುತ್ತಿದ್ದರು. ಹಿಡಿಯಲು ಹೋದರೆ, "ಬ್ಯಾಡ್ರಿ," ಎಂದರು.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ನವಾರು ನೋಡದೆ ಹತ್ತಬೇಡಿ ಎಂದು ಮೆಸೇಜ್ ಕಳಿಸಿದೆ. ಪಂಚಮಿಗೆ ಎರಡೇ ದಿನ ಉಳಿದಿರುವಾಗ ಉತ್ತರ ಬಂತು: ಹೊಸ ಪಟ್ಟಿ ಹಾಕಿಸಿದ್ದೇನೆ, ನಾಳೆ ಮುಂಜಾನೆ ಹತ್ತುತ್ತೇನೆ.

ಯಾರೋ ಚೀಲ ರಿಪೇರಿಯವರು ಹಾಕಿಕೊಟ್ಟಿರಬೇಕು. ಅವರದೇನೂ ತಪ್ಪಿಲ್ಲ, ಪಟ್ಟಿ ಹಾಕಿ ಎಂದರೆ ಹಾಕಿದ್ದಾರೆ. ಹಳೆಯ ನವಾರಿಗೇ ಹೊಸ ಪಟ್ಟಿ ಹೊಲಿದಿರುತ್ತಾರೆ. ನನ್ನ ಕೆಲಸ ಮುಗಿಯಿತು, ಜೀನು ನನ್ನ ಕೈ ಬಿಟ್ಟುಹೋಯಿತು ಎಂದು ಸುಮ್ಮನಿರಲು ಎಷ್ಟೋ ಪ್ರಯತ್ನಪಟ್ಟೆ. ಆಗಲಿಲ್ಲ. ಅದನ್ನು ಮೆತ್ತಗೆ ಮಾಡಿದವಳು ನಾನು. ಹಲಗೆಯಂತೆ ಇದ್ದಾಗ ಅದರ ಮೇಲೆ ಯಾರೂ ಹತ್ತುತ್ತಿರಲಿಲ್ಲ.

ಬೆಳಿಗ್ಗೆ ಸ್ಕೂಟಿ ತೆಗೆದು ಹೊರಟೆ. ತೂತು ಹಾಕುವ ಆರಿ, ಚರ್ಮ ಕೊಯ್ಯುವ ರಂಪಿಗೆ, ದಾರ ಇರುವ ಚೀಲ ಹೆಗಲಲ್ಲೇ ಇತ್ತು. ಸುಳ್ಳದ ಹತ್ತಿರ ಅವರ ತೋಟದ ಮನೆಗೆ ಹೊರಳುವ ದಾರಿಯಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ ಗಾಡಿ ಮುಂದೆ ಸಾಗದಾಯಿತು. ಅಲ್ಲಿಯೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಒಂದೊಂದು ಹೆಜ್ಜೆಗೂ ಕಾಲಿಗೆ ಸೇರುಗಟ್ಟಲೆ ಮಣ್ಣು.

ನಾನು ಹೆದರಿದ್ದಂತೆ ಅವರು ಹತ್ತಿರಲಿಲ್ಲ. ಕುದುರೆಯನ್ನು ಇನ್ನೂ ಉಜ್ಜುತ್ತಿದ್ದರು. ಕಂದು ಬಣ್ಣದ, ಶಾಂತ ಕಣ್ಣಿನ ಹೆಣ್ಣು ಕುದುರೆ. ಜೀನು ಕಟ್ಟೆಯ ಮೇಲಿತ್ತು. ಅಕ್ಕಪಕ್ಕದ ಮನೆಯವರು ನಾಲ್ಕಾರು ಮಂದಿ ಸೇರಿದ್ದರು. ಮೈದುನ ಲಗಾಮು ಹಿಡಿದು ನಿಂತಿದ್ದರು. ಗೌಡಸಾನಿಯವರು ಚೂಡಿದಾರ ಹಾಕಿ, ಸೆರಗಿಲ್ಲದ್ದಕ್ಕೆ ಸ್ವಲ್ಪ ಸಂಕೋಚದಿಂದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಿದ್ದರು.

"ಬರ್ರಿ. ನೋಡಾಕ ಬಂದ್ರೇನು?" ಎಂದರು. ದನಿ ತಣ್ಣಗಿತ್ತು. ಆದರೂ ಕಾಲಿಗೆ ನೀರು ಕೊಟ್ಟರು, ಕುಳ್ಳಿರಿಸಿದರು, ತಟ್ಟೆಯಲ್ಲಿ ಶೇಂಗಾ ಉಂಡಿ ಇಟ್ಟರು. ಹಬ್ಬದ ಮನೆ. ತಟ್ಟೆ ಕೈಯಲ್ಲಿ ಹಿಡಿದು ಅಷ್ಟು ಜನರ ನಡುವೆ ಕುಳಿತಾಗ ನನಗೆ ಅಲ್ಲಿಂದ ಏಳಲೂ ಆಗಲಿಲ್ಲ, ಮಾತಾಡಲೂ ಆಗಲಿಲ್ಲ. ಉಂಡಿಯ ಒಂದು ಚೂರು ಬಾಯಿಗೆ ಹಾಕಿದೆ.

ತಟ್ಟೆ ಕೆಳಗಿಟ್ಟು ಕಟ್ಟೆಗೆ ಹೋದೆ. ಜೀನನ್ನು ಬೋರಲು ಮಾಡಿದೆ. ಹೊಸ ಪಟ್ಟಿಗಳು ಗಟ್ಟಿಯಾಗಿದ್ದವು, ನೈಲಾನ್ ದಾರದ ಹೊಲಿಗೆ ನೀಟಾಗಿತ್ತು. ಮೆತ್ತೆಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಎರಡು ಬೆರಳು ತೂರಿಸಿ ನವಾರನ್ನು ಮುಟ್ಟಿದೆ. ಬೆರಳಿಗೆ ನೇಯ್ಗೆ ತಗಲಲಿಲ್ಲ, ಎಳೆಗಳಾಗಿ ಬಿಟ್ಟುಕೊಂಡಿತ್ತು. ಅದರ ಮೇಲೆ ಈ ಬಿಗಿಯಾದ ಹೊಸ ಹೊಲಿಗೆ. ನಿಂತಲ್ಲಿ ತಡೆಯುತ್ತದೆ, ಒಂದು ಸುತ್ತು ನಡೆದರೂ ತಡೆಯಬಹುದು. ಕುದುರೆ ಒಮ್ಮೆ ಬೆದರಿದರೆ ತಡೆಯುವುದಿಲ್ಲ.

ಹೇಳಿದರೆ ಇವರು ನಂಬುವುದಿಲ್ಲ, ಇದು ನನಗೆ ಗೊತ್ತಿತ್ತು. ನಂಬಿದರೂ ಪಂಚಮಿ ಕಾಯುವುದಿಲ್ಲ. ಇವತ್ತು ತಡೆದರೆ ನಾಳೆ ಇನ್ನೊಬ್ಬರ ಹತ್ತಿರ ಇನ್ನೊಂದು ಹೊಲಿಗೆ ಹಾಕಿಸುತ್ತಾರೆ. ಚೀಲದಿಂದ ರಂಪಿಗೆ ತೆಗೆದೆ. ಸಂದಿಯಲ್ಲಿ ತೂರಿಸಿ ನವಾರನ್ನು ಒಂದು ಪಕ್ಕ ಕೊಯ್ದೆ. ತಿರುಗಿಸಿ ಇನ್ನೊಂದು ಪಕ್ಕವನ್ನೂ ಕೊಯ್ದೆ. ಆರೂ ಹೊಸ ಪಟ್ಟಿಗಳು ಕಳಚಿ ಕಟ್ಟೆಯಿಂದ ಕೆಳಗೆ ಜಾರಿದವು.

ಗೌಡಸಾನಿಯವರು ಬಂದು ನನ್ನ ಮಣಿಕಟ್ಟು ಹಿಡಿದರು.

"ಏನ್ ಮಾಡಿದ್ರಿ? ನಮ್ಮ ಮನಿಯವ್ರ ಜೀನು ಅದು."

"ಹೌದ್ರಿ. ಜೀನು ಅವ್ರದು. ಬೀಳೋರು ನೀವು."

"ಅಂವ ಹೇಳಿದ್ನೇನು ಕೊಯ್ಯಾಕ?"

"ಯಾರೂ ಹೇಳಿಲ್ಲ ಅಕ್ಕಾರ. ಮುಟ್ಟಿ ನೋಡ್ರಿ."

ಅವರು ಮುಟ್ಟಲಿಲ್ಲ. ಮುಟ್ಟಿದ್ದು ಮೈದುನ. ಲಗಾಮನ್ನು ಬೇರೆಯವರ ಕೈಗೆ ಕೊಟ್ಟು ಬಂದು, ಕೊಯ್ದ ನವಾರಿನ ತುಂಡನ್ನು ಎತ್ತಿಕೊಂಡರು. ಈಗ ಗೆದ್ದೆ ಎನ್ನುತ್ತಾರೆ ಎಂದುಕೊಂಡೆ. ಅವರು ಅದನ್ನು ಬೆರಳುಗಳ ನಡುವೆ ತಿಕ್ಕಿದರು, ಹುಡಿಹುಡಿಯಾಗಿ ಉದುರಿತು. ಜೀನಿನ ಬಲಗಡೆ ಬಾಗಿ ಒಳಗೆ ನೋಡಿದರು. ಆ ಕಡೆಯ ನವಾರು ಈ ಕಡೆಯದಕ್ಕಿಂತ ಬೆರಳುದ್ದ ಜಗ್ಗಿ ಸಡಿಲಾಗಿತ್ತು.

"ನಾ ಬಿದ್ದಿದ್ದು ಈ ಕಡೀಗೆ," ಎಂದರು ಮೆಲ್ಲಗೆ. ಗೌಡಸಾನಿಯವರ ಕಡೆ ತಿರುಗಿದರು: "ವೈನಿ, ಅವತ್ತ ಜೀನು ಜರೀತು. ಕಾಲಿನ್ಯಾಗ ಭಾರ ಹಾಕಿದ ಕೂಡ್ಲೆ ಜರದಂಗಾತು. ಕುದುರಿ ಕೆಡವ್ತು ಅಂತ ನಾನ ಎಲ್ಲಾರ ಮುಂದ ಹೇಳೀನಿ."

ಅವರು ಬಿದ್ದದ್ದು ಅದರಿಂದಲೇ ಎಂದು ನಾನು ಖಚಿತವಾಗಿ ಹೇಳಲಾರೆ. ಎರಡು ವರ್ಷದ ಹಿಂದಿನ ಮಾತು. ಆದರೆ ಅವರು ಅದನ್ನು ಹೇಳಿದ ಮೇಲೆ ಗೌಡಸಾನಿಯವರು ನನ್ನ ಕೈ ಬಿಟ್ಟರು. ಕಟ್ಟೆಯ ಅಂಚಿಗೆ ಕುಳಿತು ಕುದುರೆಯ ಕಡೆ ನೋಡಿದರು. "ಪಾಪ, ಅದನ್ನ ಎಲ್ಲಾರೂ ಬೈದ್ವಿ," ಎಂದರು.

"ಪಂಚಮಿ ಹೋಗ್ಲಿ," ಎಂದರು ಮೈದುನ. "ಆ ಮೆರವಣಿಗಿಯಂವಗ ನಾ ಹೇಳ್ತೇನಿ. ಅಕ್ಕಾರ, ಇದಕ್ಕ ಏನೇನ್ ಬೇಕು?"

ಕೆಲಸ ಸುಲಭವಾಯಿತು ಎಂದೇನಿಲ್ಲ. ಎಲ್ಲರೆದುರು ಕೊಯ್ದ ಮೇಲೆ ಸರಿಮಾಡದೆ ನನಗೆ ಗತಿಯಿರಲಿಲ್ಲ. ಮೊದಲಿನ ಇಕ್ಕಟ್ಟಿನಿಂದ ಹೊರಬಂದು ಇನ್ನೊಂದರೊಳಗೆ ಹೊಕ್ಕಿದ್ದೆ. ಜೀನು ಮತ್ತೆ ನನ್ನ ಮೇಜಿಗೆ ಬಂತು. ಮೆತ್ತೆಯನ್ನು ಬಿಚ್ಚಿ ಚೌಕಟ್ಟನ್ನು ಹೊರತೆಗೆದೆ. ಮರ ಸೀಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ತಿರುಚಿದೆ, ಕಿವಿಗೊಟ್ಟು ಕೇಳಿದೆ. ಸದ್ದಿಲ್ಲ. ಚೌಕಟ್ಟಿನ ಕಬ್ಬಿಣದ ಪಟ್ಟಿಗೆ ಮೇಲುಮೇಲೆ ತುಕ್ಕು, ಉಜ್ಜಿದರೆ ಹೋಯಿತು.

ಚರ್ಮ ತರಲು ಮೈದುನ ತಾವೇ ಅಥಣಿಗೆ ಹೋದರು. ಅಲ್ಲಿ ಗಿಡದ ತೊಗಟೆಯಲ್ಲಿ ಹದ ಮಾಡಿದ ಎಮ್ಮೆಯ ಚರ್ಮ ಸಿಗುತ್ತದೆ. ಅವರು ತಂದ ಚರ್ಮದಲ್ಲಿ ಬೆನ್ನಿನ ಭಾಗ ಕಡಿಮೆ, ಹೊಟ್ಟೆಯ ಭಾಗ ಹೆಚ್ಚಿತ್ತು. ಹೊಟ್ಟೆಯ ಚರ್ಮ ಜಗ್ಗುತ್ತದೆ. ಮೊದಲು ಕೊಯ್ದ ಪಟ್ಟಿಗೆ ರುಬ್ಬುವ ಗುಂಡು ಕಟ್ಟಿ ತೂಗುಹಾಕಿದರೆ ಎರಡು ದಿನದಲ್ಲಿ ರಬ್ಬರಿನಂತೆ ಇಳಿದುಬಂತು. ಅದನ್ನು ಎಸೆದೆ. "ಮತ್ತ ಹೋಗಿ ಬರ್ಲೇನ್ರಿ?" ಎಂದರು ಅವರು, ಮುಖದಲ್ಲಿ ಬೇಸರವಿಲ್ಲದೆ. ಹೋಗಿ ಬಂದರು. ಎರಡನೆಯ ಸಲ ಬೆನ್ನೆಲುಬಿನ ಪಕ್ಕದ ಚರ್ಮವನ್ನೇ ಕೇಳಿ ತಂದಿದ್ದರು. ಅದರಿಂದ ಕೊಯ್ದ ಪಟ್ಟಿಗಳು ಗುಂಡು ಕಟ್ಟಿದಾಗ ಸ್ವಲ್ಪ ಹಿಗ್ಗಿ, ಅಲ್ಲಿಗೇ ನಿಂತವು. ನವಾರನ್ನೂ ಹೊಸದಾಗಿ ಹಾಕಿದೆ. ಎರಡು ಕಡೆಯೂ ಒಂದೇ ಬಿಗಿ ಬರುವವರೆಗೆ ಬಿಚ್ಚಿ ಬಿಚ್ಚಿ ಹಾಕಿದೆ. ಮೇಣ ಹಚ್ಚಿದ ದಾರ, ಎರಡು ಸೂಜಿ, ಆರಿಯಿಂದ ತೂತು. ಒಂದು ಸೂಜಿ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ, ಒಂದೇ ತೂತಿನಲ್ಲಿ. ಒಂದೊಂದು ಹೊಲಿಗೆ ಬಿಗಿಯುವಾಗಲೂ ಚೂಡಿದಾರದಲ್ಲಿ ಸಂಕೋಚದಿಂದ ನಿಂತಿದ್ದ ಆ ಹೆಂಗಸು ಕಣ್ಣೆದುರಿಗೆ ಬರುತ್ತಿದ್ದರು. ಸಮಾಧಾನವಾಗದ ಹೊಲಿಗೆಗಳನ್ನು ಕೊಯ್ದು ಮತ್ತೆ ಹಾಕಿದೆ.

ಗೌಡಸಾನಿಯವರು ಆ ದಿನಗಳಲ್ಲಿ ಒಮ್ಮೆ ಬಂದರು. ಹೊಸ ಪಟ್ಟಿ ನೋಡಿ, "ಇನ್ನ ಇದು ಅವ್ರ ಜೀನು ಅಲ್ಲಾ ಬಿಡ್ರಿ," ಎಂದರು.

"ಸೀಟು ಅವ್ರದ ಐ‌ತ್ರಿ. ಹಾಳಿನೂ ಅವ್ರವ."

ಸೀಟಿನ ಮೇಲೆ ಕೈಯಾಡಿಸಿ, "ಎಣ್ಣಿ ಹಚ್ಚೂದು ಕಲಿಸಿಕೊಡ್ರಿ. ಸರಿಯಾದ ಎಣ್ಣಿ," ಎಂದರು. ಕಲಿಸಿಕೊಟ್ಟೆ. ಅವರ ಕೈ ಧಾರಾಳ, ಎಣ್ಣೆ ಜಾಸ್ತಿಯಾಗುತ್ತಿತ್ತು. ಬಟ್ಟೆ ಹಿಂಡಿಸಿ ಹಿಂಡಿಸಿ ಸವರಿಸಿದೆ.

ಮಳೆ ಎರಡು ದಿನ ಬಿಡುವು ಕೊಟ್ಟಾಗ ಅವರ ಮನೆಯ ಹಿಂದಿನ ಬಯಲಿನಲ್ಲಿ ಕುದುರೆಗೆ ಜೀನು ಹಾಕಿದೆವು. ಹೊಟ್ಟೆಪಟ್ಟಿಯನ್ನು ನಾನೇ ಬಿಗಿದೆ. ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ, ಅದಕ್ಕೆ ಸ್ವಲ್ಪ ನಡೆಸಿ ಮತ್ತೊಮ್ಮೆ ಬಿಗಿದೆ. ಮೈದುನ ಹಗ್ಗ ಹಿಡಿದರು. ಗೌಡಸಾನಿಯವರು ಕಟ್ಟೆಯ ಮೇಲೆ ನಿಂತು, ರಿಕಾಪಿನಲ್ಲಿ ಕಾಲಿಟ್ಟು ಭಾರ ಹಾಕಿದರು. ಪಟ್ಟಿ ಬಿಗಿಯಿತು. ಜೀನು ಜರುಗಲಿಲ್ಲ. ಅವರು ಮೇಲಿದ್ದರು.

ಮೊದಲ ಸುತ್ತು ಮೈದುನ ಪಕ್ಕದಲ್ಲೇ ನಡೆದರು. ಎರಡನೆಯ ಸುತ್ತಿನಲ್ಲಿ, "ಬಿಡೋ ತಮ್ಮಾ," ಎಂದರು ಗೌಡಸಾನಿಯವರು. ಮೈದುನ ಬಿಡಲಿಲ್ಲ.

"ಹಗ್ಗ ಬಿಡು. ಎಷ್ಟ್ ದಿನಾ ಹಿಡೀತಿ?"

ಬಿಟ್ಟರು. ಬಿಟ್ಟು ಖಾಲಿ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹೆಗಲ ಮೇಲಿಟ್ಟುಕೊಂಡು ನಿಂತರು.

ಎಲ್ಲರೂ ಗೌಡಸಾನಿಯವರನ್ನು ನೋಡುತ್ತಿದ್ದರು. ನಾನು ಹಾಳೆಯ ಅಡಿಯಿಂದ ಇಣುಕುವ ಎರಡು ಬೆರಳಿನಷ್ಟು ಪಟ್ಟಿಯನ್ನು, ಬಕಲು ಕೂತ ತೂತನ್ನು ನೋಡುತ್ತಿದ್ದೆ. ಕುದುರೆ ಹೆಜ್ಜೆ ಇಟ್ಟಾಗಲೆಲ್ಲ ಅದು ಬಿಗಿಯುತ್ತಿತ್ತು, ಸಡಿಲುತ್ತಿತ್ತು, ಬಿಗಿಯುತ್ತಿತ್ತು. ಕಣ್ಣಿಗೆ ಅದು ಕಾಣದಷ್ಟು ದೂರವಾದ ಮೇಲೆ ತಲೆ ಎತ್ತಿದೆ. ಅವರು ಬಯಲಿನ ಆಚೆ ತುದಿಯಲ್ಲಿ, ಬದುವಿನ ಹತ್ತಿರ, ಬೆನ್ನು ನೆಟ್ಟಗೆ ಮಾಡಿ ಕುಳಿತು ಕುದುರೆಯನ್ನು ಈ ಕಡೆ ತಿರುಗಿಸುತ್ತಿದ್ದರು.